ಹರಳೆಣ್ಣೆ ಕುಡಿದ ಕಾರು

ಕಿರುಚುವುದು ಯಾವುದೇ ಇರಲಿ, ಅದಕ್ಕೆ ಹರಳೆಣ್ಣೆ ಹಾಕಬೇಕು ಎಂಬುದು ನಮ್ಮ ಮನೆತನದ ನಂಬಿಕೆ. ಗಾಡಿಯ ಅಚ್ಚು ಕಿರುಚಿದರೆ ಹರಳೆಣ್ಣೆ, ಬಾಗಿಲು ಕಿರುಚಿದರೆ ಹರಳೆಣ್ಣೆ, ಬಾವಿಯ ರಾಟೆ ಕಿರುಚಿದರೆ ಹರಳೆಣ್ಣೆ, ಮಕ್ಕಳು ಕಿರುಚಿದರೂ ಹರಳೆಣ್ಣೆಯೇ. ಮಕ್ಕಳಿಗೆ ಒಳಕ್ಕೆ, ಉಳಿದವಕ್ಕೆ ಹೊರಕ್ಕೆ, ವ್ಯತ್ಯಾಸ ಅಷ್ಟೇ. ನನ್ನ ಅತ್ತೆ, ಅಂದರೆ ನಿಮ್ಮ ಮುತ್ತಜ್ಜಿ, ಹರಳೆಣ್ಣೆಯ ಹಸಿರು ಸೀಸೆಯನ್ನು ಕೈಗೆಟಕುವ ಹಾಗೆ ಇಟ್ಟುಕೊಂಡೇ ಬದುಕಿದವರು. ಮನೆಯಲ್ಲಿ ಗಂಡ ಹೆಂಡಿರು ಸ್ವಲ್ಪ ದನಿ ಏರಿಸಿದರೂ ಅವರು ಸೀಸೆಯ ಕಡೆ ಒಮ್ಮೆ ನೋಡುತ್ತಿದ್ದರು; ಜಗಳ ತಾನಾಗಿ ನಿಲ್ಲುತ್ತಿತ್ತು. ಮೊನ್ನೆ ಗೋಪಾಲು ಮಾಮ ಬಂದು ಹೋದ ಮೇಲೆ ನೀವು ಕೇಳಿದಿರಲ್ಲ, ‘ಅಜ್ಜೀ, ಅವರ ಎಡಗಿವಿಯ ತೂತು ಮೇಲಿದೆ, ಬಲಗಿವಿಯದು ಕೆಳಗಿದೆ, ಯಾಕೆ?’ ಅಂತ. ಆಗ ನಾನು ನಕ್ಕು ಒಳಗೆ ಹೋಗಿಬಿಟ್ಟೆ. ಅದಕ್ಕೂ ಹರಳೆಣ್ಣೆಯೇ ಕಾರಣ. ಹರಳೆಣ್ಣೆ ಮತ್ತು ಒಂದು ಕಾರಿನ ಪುಲ್ಲಿ.

ಒಳಗೆ ಹೋದದ್ದೇಕೆ, ಅಲ್ಲೇ ಕೂತು ಹೇಳಬಾರದಿತ್ತೇ ಎನ್ನಬೇಡಿ. ನಾಲ್ಕು ಜನ ನನ್ನ ಮುಖ ನೋಡುತ್ತಿದ್ದರೆ ನನ್ನ ಬಾಯಿಗೆ ಮಾತೇ ಬರುವುದಿಲ್ಲ. ಊರ ಶಾಲೆಯಲ್ಲಿ ಮೇಷ್ಟರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಪಕ್ಕದವಳ ಕಿವಿಯಲ್ಲಿ ಹೇಳುತ್ತಿದ್ದೆ. ಅವಳು ಎದ್ದು ಹೇಳಿ ಶಭಾಷ್ ಅನ್ನಿಸಿಕೊಳ್ಳುತ್ತಿದ್ದಳು. ಆ ಶಾಲೆಯಲ್ಲಿ ಕಲಿತದ್ದೂ ತಮಿಳು ಅಕ್ಷರ. ಕನ್ನಡ ನಮಗೆ ಮನೆಯೊಳಗಿನ ಮಾತು, ಅಷ್ಟೇ. ಎಷ್ಟೋ ತಲೆಮಾರಿನ ಹಿಂದೆ ಹಸು ಹೊಡೆದುಕೊಂಡು ಈ ಕಂಬಂ ಕಣಿವೆಗೆ ಇಳಿದವರು ತಂದ ಮಾತು. ಅರ್ಧ ತಮಿಳು ಕಲಸಿಕೊಂಡು ಹೇಗೋ ಉಳಿದಿದೆ. ಅದಕ್ಕೆ ಅಕ್ಷರವೂ ಇದೆ ಅಂತ ತೋರಿಸಿಕೊಟ್ಟವಳು ಮೈಸೂರಿನ ಸೊಸೆ, ನಿಮ್ಮಮ್ಮ. ಹಾಗಾಗಿ ಬಾಯಲ್ಲಿ ಹೇಳಲಾರದ್ದನ್ನು ಬರೆದೇ ಕೊಡುತ್ತಿದ್ದೇನೆ. ಓದುವಾಗ ನೀವು ನನ್ನ ಮುಖ ನೋಡುವಂತಿಲ್ಲವಲ್ಲ, ಅದೇ ದೊಡ್ಡ ಅನುಕೂಲ.

ಅರವತ್ತರ ದಶಕದ ಮಾತು. ನಿಮ್ಮ ತಾತ ಒಂದು ಕಪ್ಪು ಕಾರು ತಂದರು. ಹೊಸದಲ್ಲ; ಬೆಟ್ಟದ ಮೇಲೆ ಏಲಕ್ಕಿ ತೋಟ ಇಟ್ಟಿದ್ದ ಒಬ್ಬ ಬಿಳಿ ದೊರೆ ಊರಿಗೆ ಹೋಗುವಾಗ ಬಿಟ್ಟುಹೋದದ್ದು. ಒಳಗೆ ಕೂತರೆ ಏಲಕ್ಕಿ, ಚುರುಟು ಮತ್ತು ನಾಯಿಯ ವಾಸನೆ ಒಟ್ಟಿಗೆ ಬರುತ್ತಿತ್ತು. ಮನೆಗೆ ಕಾರು ಬಂದ ದಿನ ಎಲ್ಲರೂ ಅದರ ಹೊರಗನ್ನು ನೋಡಿದರು; ನನಗೆ ಮಾತ್ರ ಅದರ ಹೊಟ್ಟೆಯೊಳಗೆ ಏನಿದೆ ಎಂಬ ಕುತೂಹಲ. ತಾತ ಬಾನೆಟ್ ಎತ್ತಿ ಹೊರಟುಹೋದಾಗ ಕೈಯಲ್ಲಿ ಪೊರಕೆ ಹಿಡಿದು, ಅಂಗಳ ಗುಡಿಸುವವಳ ಹಾಗೆ ಸುತ್ತ ಸುಳಿಯುತ್ತಿದ್ದೆ. ಆ ದಿನಗಳಲ್ಲಿ ಕಾರು ನಿಂತ ಜಾಗದಷ್ಟು ಶುಭ್ರವಾದ ಜಾಗ ನಮ್ಮ ಊರಲ್ಲೇ ಇರಲಿಲ್ಲ. ಗುಡಿಸುತ್ತ ಗುಡಿಸುತ್ತ ನಾನು ಕಂಡುಕೊಂಡದ್ದು ಇಷ್ಟು: ಎಂಜಿನ್ನಿನ ಮುಂದೆ ಕಬ್ಬಿಣದ ರಾಟೆಗಳಿವೆ, ಅವೇ ಪುಲ್ಲಿ. ಅವುಗಳನ್ನು ಸುತ್ತಿ ಕರಿ ರಬ್ಬರಿನ ಒಂದು ಪಟ್ಟಿ, ಅದೇ ಬೆಲ್ಟ್. ಎಂಜಿನ್ ತಿರುಗಿದರೆ ಪಟ್ಟಿ ಓಡುತ್ತದೆ, ಪಟ್ಟಿ ಓಡಿದರೆ ಗಾಳಿ ಬೀಸುವ ಫ್ಯಾನೂ ತಿರುಗುತ್ತದೆ, ಪಕ್ಕದಲ್ಲಿರುವ ಚೊಂಬಿನಂಥ ಡೈನಮೋವೂ ತಿರುಗುತ್ತದೆ. ಆ ಡೈನಮೋ ಬ್ಯಾಟರಿಗೆ ಕರೆಂಟು ತುಂಬುತ್ತದೆ. ನಮ್ಮ ಬಾವಿಯ ಕಪಿಲೆಯ ಹಾಗೇ. ಎತ್ತು ಎಳೆಯುತ್ತದೆ, ಹಗ್ಗ ರಾಟೆಯ ಮೇಲೆ ಓಡುತ್ತದೆ, ತೊಗಲಿನ ಚೀಲ ನೀರು ತರುತ್ತದೆ. ಇದು ತಿಳಿದ ದಿನ ನನಗೆ ಆದ ಸಂತೋಷವನ್ನು ಯಾರಿಗೆ ಹೇಳಲಿ? ಎಮ್ಮೆಗೆ ಹೇಳಿದೆ.

ಆದರೆ ಆ ಕಾರಿಗೆ ಎರಡು ರೋಗ. ಒಂದು, ಹೊರಡುವಾಗ ಹಂದಿ ಹಿಡಿದಂತೆ ಕಿರುಚುತ್ತಿತ್ತು. ಇನ್ನೊಂದು, ಓಡಿಸುವವನ ಮುಂದೆ ಒಂದು ಕೆಂಪು ದೀಪವಿತ್ತು. ಬ್ಯಾಟರಿಗೆ ಕರೆಂಟು ಹೋಗದಿದ್ದರೆ ಅದು ಉರಿಯುತ್ತದೆ, ಹೋದರೆ ಆರುತ್ತದೆ. ನಮ್ಮ ಕಾರಿನ ಕೆಂಪು ದೀಪ ದೇವರ ಮನೆಯ ನಂದಾದೀಪದ ಹಾಗೆ ಮಿಣುಕುತ್ತಿತ್ತೇ ಹೊರತು ಆರುತ್ತಲೇ ಇರಲಿಲ್ಲ. ಅತ್ತೆ ಅದನ್ನು ಕಂಡು ಕೈ ಮುಗಿಯುತ್ತಿದ್ದರು. ತೇನಿಯಲ್ಲಿ ಒಬ್ಬರು ಬ್ಯಾಟರಿ ಸತ್ತಿದೆ ಅಂದರು. ಹೊಸ ಬ್ಯಾಟರಿ ಬಂತು. ಕೆಲವು ದಿನ ಕಾರು ಚೆನ್ನಾಗಿ ನಡೆಯಿತು, ಆಮೇಲೆ ಹೊಸ ಬ್ಯಾಟರಿಯೂ ಹಳೆಯದರ ದಾರಿ ಹಿಡಿಯಿತು. ಇನ್ನೊಬ್ಬರು ಬೆಲ್ಟ್ ಸಡಿಲ ಅಂದರು, ಬಿಗಿದರು. ಮತ್ತೊಬ್ಬರು ಇನ್ನೂ ಬಿಗಿಯಬೇಕು ಅಂದರು. ಅವರು ಬಿಗಿದ ಮೇಲೆ ಕಿರುಚಾಟದ ಜೊತೆಗೆ ಒಂದು ನರಳಾಟವೂ ಶುರುವಾಯಿತು. ತಾತ ಬೆಳಿಗ್ಗೆ ಎದ್ದು ಹ್ಯಾಂಡಲ್ ಹಾಕಿ ಸುತ್ತುವುದನ್ನು ನೋಡಿ ದಾರಿಹೋಕರು, ‘ಏನಣ್ಣೇ, ಕಾರು ಓಡಿಸ್ತಿದೀರಾ, ಕಾರಲ್ಲಿ ಕಬ್ಬಿನ ಹಾಲು ಹಿಂಡ್ತಿದೀರಾ?’ ಅನ್ನುತ್ತಿದ್ದರು.

ಇಷ್ಟಾದರೂ ನಡೆಯುತ್ತಿತ್ತು, ರಾಜಮ್ಮನ ಮಗುವಿಗೆ ಕಿವಿ ಚುಚ್ಚುವ ದಿನ ನಿಶ್ಚಯವಾಗದೆ ಹೋಗಿದ್ದರೆ. ರಾಜಮ್ಮ ತಾತನ ತಂಗಿ. ಬತ್ತಲಗುಂಡು ದಾಟಿ ದಿಂಡಿಗಲ್ ದಾರಿಯ ಒಂದು ಹಳ್ಳಿಗೆ ಕೊಟ್ಟಿತ್ತು. ಅವಳ ಮಗನೇ ಈ ಗೋಪಾಲು. ನಮ್ಮ ಕಡೆ ಮಗುವಿನ ಮೊದಲ ಮುಡಿ ತೆಗೆಯುವುದೂ ಕಿವಿ ಚುಚ್ಚುವುದೂ ಸೋದರಮಾವನ ತೊಡೆಯ ಮೇಲೆ. ಅಪ್ಪ ಊರಿಗೆ ರಾಜನಾಗಿದ್ದರೂ ಅವನ ತೊಡೆ ಅಲ್ಲಿ ಲೆಕ್ಕಕ್ಕಿಲ್ಲ. ಸೋದರಮಾವ ಸೀರು ತಟ್ಟೆ, ಅಂದರೆ ತವರಿನ ಉಡುಗೊರೆಯ ತಟ್ಟೆ, ಹೊತ್ತು ಬರಬೇಕು, ಹಲಗೆಯ ಮೇಲೆ ಕೂರಬೇಕು, ಮಗುವನ್ನು ತೊಡೆಗೆ ತೆಗೆದುಕೊಳ್ಳಬೇಕು; ಆಮೇಲೆ ಕತ್ತಿಯೂ ಸೂಜಿಯೂ. ಆ ತೊಡೆ ಕೊಟ್ಟವನಿಗೆ ಸಾಯುವವರೆಗೂ ಆ ಮನೆಯಲ್ಲಿ ಮೊದಲ ಮರ್ಯಾದೆ. ರಾಜಮ್ಮನಿಗೆ ಒಡಹುಟ್ಟಿದವರು ತಾತ ಒಬ್ಬರೇ. ಆದರೆ ಚಿಕ್ಕಪ್ಪನ ಮಗ ಚಿನ್ನಸಾಮಿ ಇದ್ದರಲ್ಲ, ಅವರೂ ಅಣ್ಣನ ಲೆಕ್ಕವೇ. ತಾತನಿಗೂ ಚಿನ್ನಸಾಮಿಗೂ ಒಂದೇ ಬಾವಿ, ಪಾಲಿನ ಬಾವಿ. ಕಪಿಲೆಯ ಸರದಿಗೆ ಜಗಳ ಆಡಿ ಆಡಿ ಚಿನ್ನಸಾಮಿ ಬಾವಿಗೆ ಎಣ್ಣೆ ಎಂಜಿನ್ ತಂದು ಕೂರಿಸಿದರು. ಅದರ ಟುಪ್ಪು ಟುಪ್ಪು ಶಬ್ದ ಕೇಳಿ ತಾತನಿಗೆ ನಿದ್ದೆ ಬರದೆ, ಕಾರು ತಂದರು. ಎಂಜಿನ್ನಿಗೆ ಎಂಜಿನ್ನೇ ಉತ್ತರ ಎನ್ನುವ ಹಾಗೆ.

ಚಿನ್ನಸಾಮಿ ಊರ ಚಾವಡಿಯಲ್ಲಿ ಕೂತು ಹೇಳಿದ್ದರಂತೆ: ‘ಅಣ್ಣ ಕಾರಲ್ಲಿ ಬತ್ತಾರಂತೆ, ಬರಲಿ. ಕಾರು ಬರದೆ ಹೋದ್ರೆ ನಾನಿದೀನಲ್ಲ. ನನ್ನ ತೊಡೆ ಮೇಲೆ ಏನು ಕಳ್ಳಿ ಬೆಳೆದಿದೆಯಾ?’ ಇದು ತಾತನ ಕಿವಿಗೆ ಬಿದ್ದ ದಿನದಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಬುಧವಾರ ಮಧ್ಯಾಹ್ನ ರಾಹುಕಾಲ ಶುರುವಾಗುವುದರೊಳಗೆ ಮುಡಿ ತೆಗೆದು ಕಿವಿ ಚುಚ್ಚಬೇಕು. ಅಷ್ಟರೊಳಗೆ ತಾತನ ತೊಡೆ ಆ ಹಲಗೆಯ ಮೇಲಿರಬೇಕು. ಕಾರಿನಲ್ಲೇ ಹೋಗಿ ಇಳಿಯಬೇಕು. ‘ಬಸ್ಸಲ್ಲೇ ಹೋದರೆ ಏನಂತೆ?’ ಅಂತ ನಾನು ಮೆಲ್ಲಗೆ ಅಂದದ್ದಕ್ಕೆ ತಾತ ನನ್ನನ್ನು, ಒಲೆಯೊಳಗೆ ನೀರು ಸುರಿದವಳನ್ನು ನೋಡುವ ಹಾಗೆ ನೋಡಿದರು.

ಆ ಬುಧವಾರ ಬೆಳಿಗ್ಗೆ ಕಾರಿನ ಹಿಂದುಗಡೆ ತೆಂಗಿನಕಾಯಿ, ಬಾಳೆಗೊನೆ, ಹಿತ್ತಾಳೆ ಪಾತ್ರೆ. ಸೀಟಿನ ಮೇಲೆ ನಾನು ಮತ್ತು ಅತ್ತೆ, ನನ್ನ ಮಡಿಲಲ್ಲಿ ಅರಿಶಿನ ಕುಂಕುಮ ಹೂವಿನ ಸೀರು ತಟ್ಟೆ. ತಾತ ಜರಿ ಅಂಚಿನ ಹೊಸ ಪಂಚೆ ಉಟ್ಟು, ಕಾರು ಎಬ್ಬಿಸಿದರು. ಕಿರುಚಿತು ನೋಡಿ! ಹಿತ್ತಲ ಕೋಳಿಗಳು ಗೋಡೆ ಹಾರಿದವು. ಅತ್ತೆ ಇಳಿದರು. ‘ಶುಭಕ್ಕೆ ಹೊರಡುವಾಗ ಇದೇನಪ್ಪ ಸಾವಿನ ಮನೆ ಒಪ್ಪಾರಿ! ಬಾಯಿಲ್ಲದ ಜೀವ, ಎಣ್ಣೆ ಕೇಳ್ತದೆ. ಇಷ್ಟು ದಿನ ಒಬ್ಬರಿಗೂ ತೋಚಲಿಲ್ಲವಾ?’ ಎಂದು ಬಾನೆಟ್ ಎತ್ತಿಸಿ, ಎಂಜಿನ್ ನಿಲ್ಲಿಸಿ, ಹಸಿರು ಸೀಸೆಯಿಂದ ಆ ರಾಟೆಗಳಿಗೂ ಬೆಲ್ಟಿಗೂ ಧಾರಾಳವಾಗಿ ಅಭಿಷೇಕ ಮಾಡಿದರು. ತಾತ ಬೇಡ ಅನ್ನಲಿಲ್ಲ. ನಾನೂ ತಲೆಯಾಡಿಸಿದೆ; ಕಪಿಲೆಯ ರಾಟೆಗೆ ಅದೇ ಮದ್ದು ಅಂತ ಹುಟ್ಟಿದಾಗಿನಿಂದ ಕಂಡವಳು ನಾನು. ಮತ್ತೆ ಹ್ಯಾಂಡಲ್ ಸುತ್ತಿದರು. ಕಾರು ಎದ್ದಿತು. ಒಂದು ಚೂರೂ ಸದ್ದಿಲ್ಲ! ಬೆಣ್ಣೆಯ ಮೇಲೆ ಓಡಿದ ಹಾಗೆ. ಅತ್ತೆ ಸೀಟಿನಲ್ಲಿ ಒರಗಿ, ‘ತೇನಿಯವರಿಗೆ ಕೊಟ್ಟ ದುಡ್ಡಲ್ಲಿ ಒಂದು ಗಾಣ ಎಣ್ಣೆ ಬರ್ತಿತ್ತು’ ಎಂದರು.

ತೇನಿ ದಾಟಿದೆವು, ಪೆರಿಯಕುಳಂ ದಾಟಿದೆವು. ಮಾವಿನ ತೋಪುಗಳು ಹಿಂದೆ ಓಡುತ್ತಿದ್ದವು. ನಾನು ತಾತನ ಭುಜದ ಮೇಲಿಂದ ಕೆಂಪು ದೀಪವನ್ನೇ ನೋಡುತ್ತಿದ್ದೆ. ಸದ್ದು ನಿಂತಿದೆ, ದೀಪ ನಿಂತಿಲ್ಲ. ಮೊದಲು ಆಗಾಗ ಮಿಣುಕುತ್ತಿದ್ದದ್ದು ಈಗ ಕಣ್ಣು ಮುಚ್ಚದೆ ನೋಡುತ್ತಿದೆ. ರೋಗಿ ನರಳುವುದನ್ನು ನಿಲ್ಲಿಸಿದ ಮಾತ್ರಕ್ಕೆ ವಾಸಿಯಾಯಿತು ಅಂತ ಹೇಳುವುದು ಹೇಗೆ ಎಂದು ಯೋಚಿಸುತ್ತಿದ್ದೆ. ಶುಭದಿನದಲ್ಲಿ ಇಂಥ ಹೋಲಿಕೆ ಬೇಡ ಎಂದು ನಾಲಿಗೆ ಕಚ್ಚಿಕೊಂಡೆ. ಹಾರನ್ ಒತ್ತಿದರೆ ನೆಗಡಿಯಾದ ಆಡಿನ ದನಿ ಬಂತು. ಬತ್ತಲಗುಂಡಿನ ಸಂತೆ ಕಾಣಿಸುವಷ್ಟರಲ್ಲಿ ಮುಂದಿನಿಂದ ಬುಸ್ಸೆಂದು ಹಬೆ ಎದ್ದು, ಕಾರು ಒಂದು ಟೊಮೇಟೊ ಗಾಡಿಯ ಪಕ್ಕದಲ್ಲಿ ಉಸಿರು ಬಿಟ್ಟು ನಿಂತಿತು. ಹಬೆಯಲ್ಲಿ ಹರಳೆಣ್ಣೆಯ ವಾಸನೆ. ಬಾಣಂತಿ ಮನೆಯ ಬಾಗಿಲು ತೆಗೆದ ಹಾಗಿತ್ತು.

ಬತ್ತಲಗುಂಡಲ್ಲಿ ನಿಂತದ್ದು ನಮ್ಮ ಪುಣ್ಯ. ಕೊಡೈಕಾನಲ್ ಬೆಟ್ಟದ ದಾರಿ ಅಲ್ಲಿಂದಲೇ ಏರುವುದು. ಹತ್ತಲಾರದೆ ಹಿಂದಿರುಗಿದ ಕಾರುಗಳೂ ಇಳಿಯಲಾರದೆ ಬಿದ್ದ ಕಾರುಗಳೂ ಅಲ್ಲಿಗೇ ಬರುತ್ತವೆ. ಕಾರು ರಿಪೇರಿಯ ಅಂತೋಣಿ ಮೇಸ್ತ್ರಿಯ ಶೆಡ್ಡು ಕೂಗಳತೆಯಲ್ಲಿತ್ತು. ಸಂತೆಯ ಜನ ಕಾರನ್ನು ತಳ್ಳಿ ಅಲ್ಲಿಗೆ ಮುಟ್ಟಿಸಿದರು. ಒಳಗೆ ಕೂತ ಅತ್ತೆ ಇಳಿಯಲಿಲ್ಲ, ‘ಸೀರು ತಟ್ಟೆ ನೆಲಕ್ಕೆ ಇಳಿಸಬಾರದು’ ಅಂದರು. ತಟ್ಟೆ ಇದ್ದದ್ದು ನನ್ನ ಮಡಿಲಲ್ಲಿ.

ಮೇಸ್ತ್ರಿ ದೊಡ್ಡ ಮೀಸೆಯ, ದೊಡ್ಡ ದನಿಯ ಮನುಷ್ಯ. ಬಾನೆಟ್ ಎತ್ತುವ ಮೊದಲೇ, ‘ಬ್ಯಾಟರಿ ಹೋಗಿದೆ ಅಣ್ಣೇ. ಸದ್ದು ಕೇಳಿಯೇ ಹೇಳಿಬಿಡ್ತೀನಿ ನಾನು’ ಅಂದರು. ಕಾರು ನಿಂತು ಬಹಳ ಹೊತ್ತಾಗಿತ್ತು. ಯಾವ ಸದ್ದು ಕೇಳಿದರೋ ಗೊತ್ತಿಲ್ಲ. ಬ್ಯಾಟರಿ ಹೊಸದು ಅಂತ ತಾತ ಹೇಳಿದ ಮೇಲೆ ಬಾನೆಟ್ ಎತ್ತಿ, ಬೆಲ್ಟ್ ಮುಟ್ಟಿ, ಬೆರಳು ಮೂಸಿ ನೋಡಿದರು.

‘ಇದೇನಣ್ಣೇ ವಾಸನೆ?’

‘ಹರಳೆಣ್ಣೆ’ ಅಂದರು ತಾತ, ಬೇರೆಲ್ಲೋ ನೋಡುತ್ತ.

‘ಬೆಲ್ಟಿಗಾ? ಯಾರು ಹಾಕಿದ್ದು?’

‘ನಾನು’ ಎಂದು ಅತ್ತೆ ಕಾರಿನ ಕಿಟಕಿಯಿಂದ ತಲೆ ಹಾಕಿದರು. ‘ಕಿರುಚೋದು ನಿಂತಿತೋ ಇಲ್ಲವೋ ಅದನ್ನ ಕೇಳು.’

‘ನಿಂತಿತಮ್ಮಾ. ಕಾರೂ ನಿಂತಿತು’ ಎಂದರು ಮೇಸ್ತ್ರಿ. ಬೆಲ್ಟ್ ಜಾರಿದರೆ ಡೈನಮೋವೂ ತಿರುಗುವುದಿಲ್ಲ, ಫ್ಯಾನೂ ತಿರುಗುವುದಿಲ್ಲ. ಅದಕ್ಕೇ ನೀರು ಕುದಿದದ್ದು. ಅವರು ರಾಟೆಗಳನ್ನೆಲ್ಲ ಪೆಟ್ರೋಲಿನಲ್ಲಿ ತೊಳೆದು ಒರೆಸಿ, ಹೊಸ ಬೆಲ್ಟ್ ಹಾಕಿ, ರೇಡಿಯೇಟರಿಗೆ ನೀರು ತುಂಬಿ, ಕಾರು ಎಬ್ಬಿಸಿದರು. ಹಂದಿ ಮತ್ತೆ ಕಿರುಚಿತು. ಕೆಂಪು ದೀಪ ಮತ್ತೆ ಉರಿಯಿತು.

ಅದೇ ಹೊತ್ತಿಗೆ ದಿಂಡಿಗಲ್ ಬಸ್ಸು ಬಂದು ಎದುರಿಗೆ ನಿಂತಿತು. ಕಿಟಕಿಯಿಂದ ಒಂದು ದುಂಡು ಮುಖ ಹೊರಬಂತು: ಚಿನ್ನಸಾಮಿ! ‘ಅಣ್ಣಾ! ಕಾರು ಬಿಸಿನೀರು ಕಾಯಿಸ್ತಿದೆಯಾ? ಮಗೂಗೆ ಎಣ್ಣೆ ನೀರಿಗೆ ಒಳ್ಳೇದೇ. ಬತ್ತೀರಾ, ಜಾಗ ಇದೆ. ಇಲ್ಲಾಂದ್ರೆ ನಾನು ಮುಂದೆ ಹೋಗಿ ತೊಡೆ ಒರೆಸಿಕೊಂಡು ಕೂತಿರ್ತೀನಿ!’ ಬಸ್ಸಿನವರೆಲ್ಲ ನಕ್ಕರು. ಅತ್ತೆ, ‘ಹತ್ತೋ ಅದನ್ನ! ನಿನ್ನ ಮಾನಕ್ಕಿಂತ ಮಗುವಿನ ಮುಹೂರ್ತ ದೊಡ್ಡದು’ ಅಂದರು. ತಾತ ಅಲ್ಲಾಡಲಿಲ್ಲ. ‘ಕಾರಲ್ಲಿ ಬತ್ತೀನಿ ಅಂತ ಹೇಳಿ ಅವನ ಮಗ್ಗುಲಲ್ಲಿ ಕೂತು ಬಸ್ಸಿಂದ ಇಳೀಲಾ?’ ಬಸ್ಸು ಹೋಯಿತು. ಅವರ ಮುಖ ಸಣ್ಣಗಾದದ್ದನ್ನು ನಾನು ನೋಡಿದೆ. ನಗುವ ಮಾತಲ್ಲ ಅದು, ಮಕ್ಕಳೇ. ತಂದೆಯಿಲ್ಲದ ತಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಧಾರೆ ಎರೆದುಕೊಟ್ಟವರು ಅವರು. ಆ ತೊಡೆಯ ಮೇಲೆ ಅವಳ ಮಗು ಕೂರದೆ ಹೋಗುತ್ತದೆಯಲ್ಲ ಅಂತ ಅವರ ಸಂಕಟ.

ಮೇಸ್ತ್ರಿ ಬೆಲ್ಟ್ ಬಿಚ್ಚಿ ಕೈಯಲ್ಲಿ ಹಿಡಿದು, ‘ಹೊಸ ಬೆಲ್ಟ್, ಹೊಸ ಬ್ಯಾಟರಿ, ಆದರೂ ಜಾರ್ತದೆ’ ಎಂದು ಮೀಸೆಯನ್ನು ಕೇಳುತ್ತಿದ್ದರು. ಬೆಲ್ಟ್ ಇಲ್ಲದೆ ರಾಟೆಗಳು ಬರಿದಾಗಿ ನಿಂತಿದ್ದವು. ನನಗೆ ತಡೆಯಲಾಗಲಿಲ್ಲ. ತಟ್ಟೆಯನ್ನು ಅತ್ತೆಯ ಮಡಿಲಿಗೆ ದಾಟಿಸಿ, ಇಳಿದು, ಸೆರಗು ಹೊದ್ದು, ಕಾರಿನ ಪಕ್ಕದಿಂದ ಬಗ್ಗಿ ನೋಡಿದೆ. ಡೈನಮೋದ ಪುಲ್ಲಿ ಎಷ್ಟು ಚೆಂದ ಕಂಡಿತು! ನಡುವೆ ಕೊರೆದ ತೋಡಿನ ತಳ ಬೆಳ್ಳಿಯ ಬಟ್ಟಲಿನ ಹಾಗೆ ಫಳಫಳ ಹೊಳೆಯುತ್ತಿತ್ತು. ನಮ್ಮಪ್ಪ ಬಾವಿಗೆ ರಾಟೆ ಕೊಳ್ಳುವಾಗ ಹಳೆಯದನ್ನೇ ಹುಡುಕಿ, ತಳ ಹೊಳೆಯುವುದನ್ನೇ ಆರಿಸುತ್ತಿದ್ದರು. ಹಗ್ಗ ತಳದಲ್ಲಿ ಚೆನ್ನಾಗಿ ಕೂತು ಓಡಿ ಪಳಗಿದ ರಾಟೆ ಅದು ಅಂತ ಲೆಕ್ಕ. ಹಾಗಾದರೆ ಇದರಷ್ಟು ಒಳ್ಳೆಯ ರಾಟೆ ಇನ್ನೊಂದಿಲ್ಲ. ರೋಗ ಬೇರೆಲ್ಲೋ ಇದೆ. ಇದನ್ನು ಮೇಸ್ತ್ರಿಗೆ ಹೇಳಬೇಕು. ಆದರೆ ಪರಗಂಡಸಿನ ಹತ್ತಿರ ನಾನು ಮಾತಾಡುವುದುಂಟೇ? ಹಿಂದಿರುಗಿ ಕಿಟಕಿಯಲ್ಲಿ ಅತ್ತೆಯ ಕಿವಿಗೆ ಹೇಳಿದೆ. ಅತ್ತೆ ಕಿವಿಯಿಂದ ಒಳಗೆ ತೆಗೆದುಕೊಂಡದ್ದನ್ನು ಬಾಯಿಂದ ಹೊರಗೆ ಬಿಡುವಾಗ ಸ್ವಲ್ಪ ಒಗ್ಗರಣೆ ಹಾಕುತ್ತಿದ್ದರು.

‘ಏ ಮೇಸ್ತ್ರೀ! ನನ್ನ ಸೊಸೆ ಹೇಳ್ತಾಳೆ, ಆ ರಾಟೆ ಬಹಳ ಒಳ್ಳೇದಂತೆ. ತಳ ಬೆಳ್ಳಿ ಹಾಗೆ ಹೊಳೀತದಂತೆ. ಅದನ್ನ ಮುಟ್ಟಬೇಡವಂತೆ. ನೀನೇ ಸರಿಯಿಲ್ಲವಂತೆ!’

ನಾನು ಶೆಡ್ಡಿನ ಮುಂದೆ ನಿಂತಿದ್ದ ಇನ್ನೊಂದು ಟೊಮೇಟೊ ಗಾಡಿಯ ಹಿಂದೆ ಅಡಗಿಕೊಂಡೆ. ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ಎಸೆದೇಬಿಡುತ್ತಾರೆ ಅಂದುಕೊಂಡೆ. ಅವರು ಅದನ್ನು ಕೆಳಗಿಟ್ಟರು. ‘ಏನಂದ್ರಿ? ತಳ ಹೊಳೀತದಾ?’

‘ಹೊಳೀತದೆ, ಕಣ್ಣು ಕುಕ್ಕೋ ಹಾಗೆ.’

‘ತಳ ಹೊಳೀಬಾರದಮ್ಮಾ!’ ಎಂದು ಕೂಗಿ ಅವರು ಬಾನೆಟ್ಟಿನೊಳಗೆ ತಲೆ ಹಾಕಿದರು. ಆಮೇಲೆ ಎದ್ದು, ಸೀಮೆಸುಣ್ಣ ಬೇಕು ಅಂದರು. ಶೆಡ್ಡಿನಲ್ಲಿರಲಿಲ್ಲ. ಅತ್ತೆ ಸೀರು ತಟ್ಟೆಯಿಂದ ಅರಿಶಿನ ತೆಗೆದು ಕೊಟ್ಟರು. ಒಳ್ಳೆಯ ರಾಟೆಗೆ ಪೂಜೆ ಮಾಡುತ್ತಾರೆ ಅಂತ ಅವರ ಎಣಿಕೆ ಇರಬೇಕು. ಮೇಸ್ತ್ರಿ ಅದನ್ನು ನೀರಲ್ಲಿ ಕಲಸಿ ಪುಲ್ಲಿಯ ತಳಕ್ಕೆ ಮಾತ್ರ ಬಳಿದರು. ಬೆಲ್ಟ್ ಹಾಕಿ, ಎಂಜಿನ್ನನ್ನು ಕೈಯಲ್ಲೇ ಸುತ್ತಿಸಿ, ಮತ್ತೆ ಬಿಚ್ಚಿ ಬೆಲ್ಟಿನ ಹೊಟ್ಟೆ ತಿರುಗಿಸಿ ತೋರಿಸಿದರು. ಉದ್ದಕ್ಕೂ ಹಳದಿ. ಮದುಮಗಳ ಪಾದದ ಹಾಗೆ.

ಆಗ ಅವರು ತಾತನಿಗೆ ಹೇಳಿದ್ದನ್ನು ನಾನು ಟೊಮೇಟೊಗಳ ಸಂದಿಯಿಂದ ಕೇಳಿಸಿಕೊಂಡೆ. ಹಗ್ಗದ ನ್ಯಾಯ ಬೇರೆ, ಬೆಲ್ಟಿನ ನ್ಯಾಯ ಬೇರೆ. ಹಗ್ಗ ತಳದಲ್ಲಿ ಕೂತು ಓಡುತ್ತದೆ. ಅಲ್ಲಿ ರಾಟೆಯ ಕೆಲಸ ಹಗ್ಗಕ್ಕೆ ದಾರಿ ಕೊಡುವುದು ಮಾತ್ರ. ಇಲ್ಲಿ ಬೆಲ್ಟ್ ಪುಲ್ಲಿಯನ್ನು ಹಿಡಿದು ತಿರುಗಿಸಬೇಕು. ಮರ ಸೀಳುವಾಗ ಬೆಣೆ ಹೊಡೆಯುತ್ತೇವಲ್ಲ, ಬೆಣೆ ಎರಡು ಪಕ್ಕಗಳನ್ನು ಕಚ್ಚಿಕೊಳ್ಳುವ ಹಾಗೆ, ಬೆಲ್ಟ್ ಪುಲ್ಲಿಯ ಎರಡು ಪಕ್ಕಗಳಲ್ಲಿ ಸಿಕ್ಕಿಕೊಂಡು ನಡುವೆಯೇ ನಿಲ್ಲಬೇಕು, ತಳ ಮುಟ್ಟಬಾರದು. ನಮ್ಮ ಪುಲ್ಲಿ ಓಡಿ ಓಡಿ ಪಕ್ಕಗಳು ಸವೆದು ಅಗಲವಾಗಿ, ಬೆಲ್ಟ್ ಕೆಳಗಿಳಿದು ತಳದಲ್ಲಿ ಕುಂಡಿಯೂರಿ ಕೂತಿತ್ತು. ಕೂತವನು ಕೆಲಸ ಮಾಡುತ್ತಾನೆಯೇ? ಜಾರುತ್ತಾನೆ, ಕಿರುಚುತ್ತಾನೆ. ಎಷ್ಟು ಬಿಗಿದರೂ ಅಷ್ಟೇ. ಅಂದರೆ ನಾನು ಯಾವುದನ್ನು ಗುಣ ಅಂತ ಹೊಗಳಿದ್ದೆನೋ ಅದೇ ರೋಗ! ನಾಚಿಕೆಯಾಗಬೇಕಿತ್ತು, ಆದರೆ ನನಗೆ ಅದಕ್ಕಿಂತ ಹೆಚ್ಚಾಗಿ, ಅರೆ, ಹೀಗೂ ಇದೆಯಾ ಎಂಬ ಬೆರಗೇ ಆಯಿತು.

ಬೇರೆ ಪುಲ್ಲಿ ಬೇಕು. ಮೇಸ್ತ್ರಿ ಹಿಂದಿನ ಗುಜರಿ ರಾಶಿಯಿಂದ ಕೆಲವನ್ನು ತಂದು ಚಾಪೆಯ ಮೇಲೆ ಸಾಲಾಗಿ ಇಟ್ಟರು. ನಮ್ಮವರಲ್ಲಿ ದೇವರ ಮಂದೆಗೆ ಪಟ್ಟದ ಎತ್ತನ್ನು ಆರಿಸುವಾಗ ಎತ್ತುಗಳ ಮುಂದೆ ಕಬ್ಬು ಇಡುತ್ತಾರೆ. ಬಂದು ಬಾಯಿ ಹಾಕಿದ್ದೇ ರಾಜ. ಹಾಗೆಯೇ ಮೇಸ್ತ್ರಿ ಬೆಲ್ಟನ್ನು ಒಂದೊಂದು ಪುಲ್ಲಿಗೂ ಒಡ್ಡಿ ನೋಡಿದರು. ಒಂದು ಮಾತ್ರ ಅದನ್ನು ಪಕ್ಕಗಳಲ್ಲಿ ಗಪ್ಪನೆ ಕಚ್ಚಿಕೊಂಡಿತು. ತಳಕ್ಕೂ ಬೆಲ್ಟಿಗೂ ನಡುವೆ ಕತ್ತಲೆ ಕಾಣುತ್ತಿತ್ತು. ‘ಇದೇ ರಾಜ’ ಎಂದು ನಾನು ಮನಸ್ಸಿನಲ್ಲೇ ಅಂದೆ. ಅತ್ತೆ ಮಾತ್ರ ಮನಸ್ಸಿನಲ್ಲಿ ಅನ್ನುವವರಲ್ಲ.

‘ಇದು ಯಾವ ಕಾರಿಂದು?’

‘ಬೆಟ್ಟದಿಂದ ಉರುಳಿದ್ದು ಒಂದು, ಅದರದು.’

‘ಅಯ್ಯೋ, ಶುಭಕ್ಕೆ ಹೋಗೋ ಕಾರಿಗೆ ಸತ್ತವರ ರಾಟೆನಾ? ಬೇಡವೇ ಬೇಡ!’

‘ಅದರಲ್ಲಿದ್ದವರು ಚೆನ್ನಾಗಿದಾರಮ್ಮಾ. ಮರ ಹಿಡ್ಕೊಂಡು ಬದುಕಿದರು. ಸತ್ತದ್ದು ಕಾರು ಮಾತ್ರ.’

ಅತ್ತೆ ಸ್ವಲ್ಪ ಯೋಚಿಸಿ, ‘ಹಾಗಾದ್ರೆ ಗಟ್ಟಿ ಆಯುಸ್ಸಿನ ರಾಟೆ. ಹಾಕು’ ಎಂದು ಅದಕ್ಕೆ ಕುಂಕುಮ ಇಟ್ಟರು. ಮೇಸ್ತ್ರಿ ಹಳೆಯ ಪುಲ್ಲಿಯ ನಟ್ಟು ಬಿಚ್ಚಿ, ಮೆಲ್ಲಗೆ ತಟ್ಟಿ ತಟ್ಟಿ ಎಳೆದರು. ಒಳಗೆ ಅರ್ಧ ಚಂದ್ರನ ಹಾಗಿರುವ ಒಂದು ಕಬ್ಬಿಣದ ಚೂರು. ಅದು ಕಾಡಿಗೆ ಬೊಟ್ಟಿನಷ್ಟು ಚಿಕ್ಕದು. ಅದಿಲ್ಲದಿದ್ದರೆ ಪುಲ್ಲಿ ತನ್ನಷ್ಟಕ್ಕೆ, ಡೈನಮೋ ತನ್ನಷ್ಟಕ್ಕೆ. ಅದನ್ನು ಜಾಗದಲ್ಲಿ ಕೂರಿಸಿ ಹೊಸ ಪುಲ್ಲಿ ಏರಿಸಿ, ಬೆಲ್ಟ್ ಹಾಕಿ, ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ನಟ್ಟು ಬಿಗಿದರು. ಕಾರು ಎದ್ದಿತು. ಕಿರುಚಲಿಲ್ಲ. ತಾತ ಎಂಜಿನ್ನನ್ನು ಸ್ವಲ್ಪ ಜೋರು ಮಾಡಿದರು. ಕೆಂಪು ದೀಪ ಒಮ್ಮೆ ಮಿಟುಕಿ ಆರಿಹೋಯಿತು. ‘ಅಯ್ಯೋ, ದೀಪ ಆರಿತಲ್ಲೋ!’ ಎಂದು ಅತ್ತೆ ಗಾಬರಿಯಾದರು.

ಹೊರಡುವಾಗ ತಾತ ಹಳೆಯ ಪುಲ್ಲಿಯನ್ನೂ ಎಣ್ಣೆ ಕುಡಿದ ಹಳೆಯ ಬೆಲ್ಟನ್ನೂ ಕೇಳಿ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡರು. ಚಿನ್ನಸಾಮಿಗೆ ತೋರಿಸಬೇಕಂತೆ, ತಪ್ಪು ಕಾರಿನದಲ್ಲ, ಈ ಒಂದು ಪುಲ್ಲಿಯದು ಅಂತ. ನನ್ನ ಕಣ್ಣು ಆರಿದ ದೀಪದ ಮೇಲಿತ್ತು. ಅವರ ತೊಡೆ ನೋಡಲಿಲ್ಲ.

ನಾವು ಮುಟ್ಟಿದಾಗ ರಾಹುಕಾಲ ಹೊಸಿಲ ಹತ್ತಿರ ಬಂದಿತ್ತು. ಚಪ್ಪರದಲ್ಲಿ ಚಿನ್ನಸಾಮಿ ಹಲಗೆಯ ಮೇಲೆ ಕೂತೇಬಿಟ್ಟಿದ್ದರು. ಕ್ಷೌರದವರು ಮಗುವಿನ ತಲೆಗೆ ನೀರು ಚಿಮುಕಿಸುತ್ತಿದ್ದರು. ‘ಅಣ್ಣ ಬಂದ!’ ಎಂದು ರಾಜಮ್ಮ ಅಳುತ್ತ ನಗುತ್ತ ಓಡಿಬಂದಳು. ಚಿನ್ನಸಾಮಿ ಮೆಲ್ಲಗೆ ಎದ್ದರು, ಎದ್ದು ಪಂಚೆ ಒದರಿದರು. ತಾತ ಗೆದ್ದ ಗೂಳಿಯ ಹಾಗೆ ಹೋಗಿ ಕೂತು ಮಗುವನ್ನು ತೊಡೆಗೆ ತೆಗೆದುಕೊಂಡರು. ಮಗು ಕೂತಿತು, ಕೂತು, ನಿಧಾನವಾಗಿ ಜಾರಿ ಹಲಗೆಗೆ ಇಳಿಯಿತು. ಮತ್ತೆ ಎತ್ತಿ ಕೂರಿಸಿದರು, ಮತ್ತೆ ಜಾರಿತು. ಆಗ ಎಲ್ಲರೂ ನೋಡಿದರು: ಜರಿ ಪಂಚೆಯ ತುಂಬ ಹರಳೆಣ್ಣೆ. ಬೆಲ್ಟ್ ಕುಡಿದದ್ದನ್ನೆಲ್ಲ ಪಂಚೆಗೆ ಕಕ್ಕಿತ್ತು.

‘ಸಾಮೀ, ಮಗು ಹೀಗೆ ಜಾರಿದರೆ ಕೂದಲ ಜೊತೆ ಕಿವಿಯೂ ಬರ್ತದೆ’ ಎಂದು ಕ್ಷೌರದವರು ಕತ್ತಿ ಹಿಂದಕ್ಕೆಳೆದರು. ಚಿನ್ನಸಾಮಿ, ‘ಕಾರಿನವರ ತೊಡೆಯಪ್ಪಾ, ಓಡ್ತಾನೇ ಇರ್ತದೆ!’ ಅಂದರು. ಚಪ್ಪರವೆಲ್ಲ ನಗು. ತಾತ ತಲೆ ತಗ್ಗಿಸಿ ಮಗುವನ್ನು ಗಟ್ಟಿಯಾಗಿ ಒತ್ತಿ ಹಿಡಿದರು. ಅದು ಕಿರುಚಲು ಶುರುಮಾಡಿತು. ಬಿಗಿದಷ್ಟೂ ಕಿರುಚುತ್ತದೆ, ಜಾರುತ್ತದೆ. ಇದನ್ನು ನಾನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಅತ್ತೆಯ ಕಿವಿ ಹುಡುಕಿದೆ; ಅವರು ಆಚೆ ಸೀರು ತಟ್ಟೆ ಇಳಿಸುತ್ತಿದ್ದರು. ಬೇರೆ ಕಿವಿ ಇರಲಿಲ್ಲ. ನನ್ನ ಬಾಯಿ ತಾನೇ ತೆರೆಯಿತು.

‘ತಳದಲ್ಲಿ ಕೂರಿಸಬೇಡಿ! ಎರಡು ಪಕ್ಕ ಕಚ್ಚಿಕೋಬೇಕು! ಚಿನ್ನಸಾಮಿ ತಂಬೀ, ನೀವೂ ಇತ್ತ ಬಂದು ಮಗ್ಗುಲಲ್ಲಿ ಕೂತು ತೊಡೆ ಕೊಡಿ. ಒಂದು ತೊಡೆ ಅವರದು, ಒಂದು ನಿಮ್ಮದು. ಮಗು ನಡುವೆ ಬೆಣೆ ಹಾಗೆ ನಿಲ್ಲಲಿ!’

ಚಪ್ಪರವೆಲ್ಲ ನನ್ನ ಕಡೆ ತಿರುಗಿತು. ಮದುವೆಯಾಗಿ ಬಂದ ಮೇಲೆ ಆ ನೆಂಟರು ನನ್ನ ದನಿ ಕೇಳಿದ್ದು ಅದೇ ಮೊದಲು. ಚಿನ್ನಸಾಮಿ, ‘ಅತ್ತಿಗೆಗೆ ಮಾತು ಬತ್ತದಾ?’ ಎಂದು ಕೇಳಿ, ಆ ಬೆರಗಿನಲ್ಲೇ ಬಂದು ತಾತನ ಮಗ್ಗುಲಲ್ಲಿ ಕೂತರು. ತಾತ ಅವರ ಮುಖ ನೋಡಲಿಲ್ಲ, ಆದರೆ ಸರಿದು ಜಾಗ ಕೊಟ್ಟರು. ಎರಡು ತೊಡೆಗಳ ಸಂದಿಯಲ್ಲಿ ಮಗು ಗಪ್ಪನೆ ನಿಂತಿತು. ಕಿರುಚಾಟವೂ ನಿಂತಿತು. ಬಾವಿಯ ಸರದಿಗೆ ಮುಖ ತಿರುಗಿಸಿಕೊಂಡಿದ್ದ ಇಬ್ಬರೂ ಮಗುವಿನ ತಲೆಯ ಮೇಲಿನಿಂದ, ‘ಅಲ್ಲಾಡಬೇಡ’, ‘ನೀನು ಅಲ್ಲಾಡಬೇಡ’ ಎಂದು ಗೊಣಗುತ್ತಿದ್ದಂತೆ ಕೂದಲು ಉದುರಿತು. ಅತ್ತೆ ಓಡಿಬಂದು ನೋಡಿ, ಸುತ್ತಲಿದ್ದವರಿಗೆ, ‘ನಾನೇ ಹೇಳಿಕೊಟ್ಟದ್ದು’ ಅಂದರು.

ಕಿವಿಯ ವಿಷಯ ಮರೆತೆ. ಚಿನ್ನಸಾಮಿಯ ತೊಡೆ ದಿಮ್ಮಿ, ತಾತನದು ಒನಕೆ. ಆದ್ದರಿಂದ ಮಗು ಎಡಕ್ಕೆ ವಾಲಿತ್ತು. ಕಿವಿ ಚುಚ್ಚುವ ಅಕ್ಕಸಾಲಿ ಆಚಾರಿ ರಾಹುಕಾಲದ ಅವಸರದಲ್ಲಿ ನೆಲಕ್ಕೆ ಸಮ ನೋಡಿ ಸೂಜಿ ಹಾಕಿದರು. ಹಾಗಾಗಿ ತಾತನ ಕಡೆಯ ಎಡಗಿವಿಯ ತೂತು ಮೇಲಾಯಿತು, ಚಿನ್ನಸಾಮಿಯ ಕಡೆಯ ಬಲಗಿವಿಯದು ಕೆಳಗಾಯಿತು. ಮೇಲಿನ ತೂತೇ ಮೇಲು ಅಂತ ತಾತ ಕಡೆಯವರೆಗೂ ಹೇಳುತ್ತಿದ್ದರು. ಹಬ್ಬಕ್ಕೆ ಗೋಪಾಲು ಮಾಮ ಎರಡು ಮನೆಗೂ ಬಂದು ಎರಡು ಕಡೆಯೂ ಪಂಚೆ ಪಡೆಯುತ್ತಿದ್ದ. ಓರೆ ಕಿವಿಯಿಂದ ಅವನಿಗೆ ನಷ್ಟವೇನೂ ಆಗಲಿಲ್ಲ.

ಅಂದಿನಿಂದ ನಮ್ಮ ಊರಲ್ಲಿ ಯಾವ ಯಂತ್ರ ಕೆಟ್ಟರೂ, ‘ಆ ಅಮ್ಮನಿಗೆ ರಾಟೆ ನೋಡಕ್ಕೆ ಬತ್ತದೆ’ ಎಂದು ಕರೆಯಲು ಬರುತ್ತಿದ್ದರು. ನಾನು ಹಿತ್ತಲ ಬಾಗಿಲಿನಿಂದ ಹೊರಟುಹೋಗುತ್ತಿದ್ದೆ. ಇರಲಿ. ಹೋದ ವಾರ ನಿಮ್ಮಮ್ಮನ ಮಿಕ್ಸಿ ಚಟ್ನಿ ಅರೆಯುವಾಗ ಕಿರುಚಿತಲ್ಲ, ಎಲ್ಲರೂ ಏನಾಯಿತು ಏನಾಯಿತು ಎಂದು ಅದರ ತಳ ತಿರುಗಿಸಿ ನೋಡುತ್ತಿದ್ದಿರಿ. ಪುಲ್ಲಿಯ ಮರ್ಮ ತಿಳಿದ ಈ ಅಜ್ಜಿ ಆ ಹೊತ್ತಿಗೆ ಏನು ಮಾಡುತ್ತಿದ್ದಳು? ಸದ್ದಿಲ್ಲದೆ ಸ್ಟೂಲು ಹತ್ತಿ ಅಲಮಾರಿನ ಮೇಲಿನಿಂದ ಹರಳೆಣ್ಣೆ ಸೀಸೆ ಇಳಿಸುತ್ತಿದ್ದಳು. ನಿಮ್ಮಮ್ಮ ನೋಡಿಬಿಟ್ಟಳು, ಸೀಸೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಎಲ್ಲೋ ಬಚ್ಚಿಟ್ಟಿದ್ದಾಳೆ. ಎಲ್ಲಿಟ್ಟಿದ್ದಾಳೆ ಅಂತ ನಿಮ್ಮಲ್ಲಿ ಯಾರಾದರೂ ನೋಡಿದ್ದರೆ, ಗಟ್ಟಿಯಾಗಿ ಹೇಳಬೇಡಿ. ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿ.